ಪುಕ್ಕಟೆ ಬಂದ ಬೂದಿ: ತೋಟಕ್ಕೂ ಬೇಡ, ಇಟ್ಟಿಗೆಗೂ ಬೇಡ

ಪ್ರಶ್ನೆ: ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ತಗ್ಗು ಇದೆ. ಅದನ್ನು ತುಂಬಿಸಲು ಒಬ್ಬರು ಟ್ರ್ಯಾಕ್ಟರಿನಲ್ಲಿ ಪುಕ್ಕಟೆ ಬೂದಿ ತಂದು ಸುರಿಯುತ್ತಿದ್ದಾರೆ. ಆಸ್ಪತ್ರೆ ಕಸ ಸುಡುವ ಒಂದು ಘಟಕದ ಬೂದಿಯಂತೆ. "ಸುಟ್ಟ ಮೇಲೆ ರೋಗ ಎಲ್ಲಿರುತ್ತೆ, ಬೂದಿ ಅಂದ್ರೆ ಗೊಬ್ಬರ" ಅನ್ನುತ್ತಾರೆ. ಎರಡು ಲೋಡ್ ಆಗಲೇ ಬಿದ್ದಿದೆ. ಇದನ್ನು ಅಡಿಕೆ ಬುಡಕ್ಕೆ ಹಾಕಬಹುದಾ? ಹಾರುಬೂದಿ ಇಟ್ಟಿಗೆ ಮಾಡುವವರಿಗೆ ಕೊಡಬಹುದಾ? ಇಲ್ಲದಿದ್ದರೆ ಇಂಥ ಬೂದಿಯನ್ನು ಏನು ಮಾಡಬೇಕು?
(ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಬುಡಕ್ಕೆ ಹಾಕಬೇಡಿ. ಇಟ್ಟಿಗೆಯವರಿಗೂ ಕೊಡಬೇಡಿ. ಮೂರನೇ ಲೋಡ್ ಬಂದರೆ ಗೇಟಿನಲ್ಲೇ ನಿಲ್ಲಿಸಿ. ಬಿದ್ದಿರುವ ಎರಡು ಲೋಡನ್ನು ಏನು ಮಾಡಬೇಕು ಅನ್ನುವುದನ್ನು ಕೊನೆಗೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಇಷ್ಟು ಗಟ್ಟಿಯಾಗಿ ಬೇಡ ಅನ್ನಲು ಕಾರಣ ಏನು ಅಂತ ನಿಮಗೆ ಗೊತ್ತಾಗಬೇಕು. ಯಾಕೆಂದರೆ ನಾಳೆ ಪಕ್ಕದ ತೋಟದವರು ಬಂದು ಇದೇ ಪ್ರಶ್ನೆ ಕೇಳಿದಾಗ ಉತ್ತರ ಹೇಳಬೇಕಾದವರು ನೀವೇ.

ನಮ್ಮ ಜನ ಬೂದಿಯನ್ನು ನಂಬುವುದಕ್ಕೆ ಒಳ್ಳೆಯ ಕಾರಣ ಇದೆ. ಒಲೆ ಬೂದಿಯಲ್ಲಿ ಪಾತ್ರೆ ತಿಕ್ಕಿದ್ದೇವೆ. ಅವರೆಕಾಳಿಗೆ ಹುಳ ಹಿಡಿಯಬಾರದು ಅಂತ ಬೂದಿ ಬೆರೆಸಿ ಇಟ್ಟಿದ್ದೇವೆ. ತಿಪ್ಪೆಗೆ ಸುರಿದಿದ್ದೇವೆ, ಬದನೆ ಎಲೆಯ ಮೇಲೆ ಉದುರಿಸಿದ್ದೇವೆ. ಆ ಬೂದಿ ಸೌದೆಯದು, ಬೆರಣಿಯದು. ಮರ ಮಣ್ಣಿನಿಂದ ಏನನ್ನು ಎಳೆದುಕೊಂಡಿತ್ತೋ ಅದೇ ಪೊಟ್ಯಾಶ್, ಅದೇ ಸುಣ್ಣದಂಶ ಮತ್ತೆ ಮಣ್ಣಿಗೆ ಹೋಗುತ್ತದೆ. ನಿಮ್ಮ ತಗ್ಗಿನಲ್ಲಿ ಬಿದ್ದಿರುವುದಕ್ಕೂ ಇದಕ್ಕೂ ಹೆಸರು ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಹೋಲಿಕೆ ಅಲ್ಲಿಗೆ ಮುಗಿಯಿತು.

ಆಲೆಮನೆ ನೋಡಿದ್ದೀರಲ್ವಾ? ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿದು ಬತ್ತಿ ಕೊನೆಗೆ ತಳದಲ್ಲಿ ಬೆಲ್ಲ ನಿಲ್ಲುತ್ತದೆ. ನೀರು ಹೋಯಿತು, ಸಿಹಿ ಹೋಗಲಿಲ್ಲ, ಗಟ್ಟಿಯಾಯಿತು. ಕಸ ಸುಡುವುದೂ ಹಾಗೆಯೇ. ಬಟ್ಟೆ, ಹತ್ತಿ, ಪ್ಲಾಸ್ಟಿಕ್, ಮಾಂಸ ಎಲ್ಲ ಹೊಗೆಯಾಗಿ ಹೋಗುತ್ತವೆ. ರೋಗಾಣುಗಳೂ ಸಾಯುತ್ತವೆ, ಆ ಮಾತು ನಿಜ. ಆದರೆ ಸೀಸ, ಕ್ಯಾಡ್ಮಿಯಂ, ಸತುಗಳನ್ನು ಬೆಂಕಿ ನಾಶ ಮಾಡಲಾರದು. ಪ್ಲಾಸ್ಟಿಕ್ಕಿನ ಬಣ್ಣದಲ್ಲಿ ಇದ್ದದ್ದು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಲ್ಲಿ ಇದ್ದದ್ದು, ತಪ್ಪಿ ಬಂದ ಬ್ಯಾಟರಿಯಲ್ಲಿ ಇದ್ದದ್ದು ಎಲ್ಲವೂ ಬೂದಿಗೆ ಬಂದು ಕೂರುತ್ತವೆ. ಊರ ಕಸ ಸುಡುವ ಘಟಕಗಳಲ್ಲಿ ನೂರು ಕಿಲೋ ಕಸಕ್ಕೆ ಸುಮಾರು 20ರಿಂದ 25 ಕಿಲೋ ಬೂದಿ ಉಳಿಯುತ್ತದೆ. ನೂರು ಕಿಲೋದಲ್ಲಿ ಹರಡಿದ್ದ ಲೋಹ ಅಷ್ಟರಲ್ಲೇ ಸೇರಿಕೊಂಡಿತು ಅಂದರೆ ಎಷ್ಟು ಗಟ್ಟಿಯಾಗಿರುತ್ತದೆ, ನೀವೇ ಲೆಕ್ಕ ಹಾಕಿ.

ಇನ್ನು ಮುಖ್ಯ ವಿಷಯ. ಇನ್ಸಿನರೇಟರಿನಿಂದ, ಅಂದರೆ ಕಸ ಸುಡುವ ಒಲೆಯಿಂದ, ಬರುವುದು ಒಂದು ಬೂದಿ ಅಲ್ಲ, ಎರಡು. ಈ ಎರಡನ್ನು ಬೇರೆ ಬೇರೆ ಇಡುವುದೇ ಈ ಕೆಲಸದ ಅರ್ಧ ಭಾಗ. ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಬೂದಿ ಪರೀಕ್ಷೆ ಮಾಡಿದ ಮೇಲೆ ನಾನು ಎಲ್ಲ ಘಟಕದವರಿಗೂ ಮೊದಲು ಹೇಳುವ ಮಾತು ಇದೇ.

ಒಂದು, ಒಲೆಯ ತಳದಲ್ಲಿ ಬೀಳುವ ಬಾಟಮ್ ಆಶ್. ಇದು ದಪ್ಪ. ಕಿಟ್ಟ, ಗಾಜಿನ ಚೂರು, ತಂತಿ, ಕಲ್ಲು ಎಲ್ಲ ಇರುತ್ತದೆ. ಒಟ್ಟು ಬೂದಿಯಲ್ಲಿ ಹೆಚ್ಚಿನ ಪಾಲು ಇದರದ್ದೇ. ಎರಡು, ಹೊಗೆಯ ಜೊತೆ ಹಾರಿ ಹೋಗಿ ಬ್ಯಾಗ್ ಫಿಲ್ಟರಿನಲ್ಲಿ, ಅಂದರೆ ಹೊಗೆ ಸೋಸುವ ಚೀಲದಲ್ಲಿ, ಸಿಕ್ಕಿಕೊಳ್ಳುವ ಫ್ಲೈ ಆಶ್. ಕಸದ ತೂಕಕ್ಕೆ ಹೋಲಿಸಿದರೆ ಇದು ನೂರಕ್ಕೆ ಎರಡರಿಂದ ಐದು ಪಾಲು ಅಷ್ಟೇ. ಮೈದಾಹಿಟ್ಟಿನ ಹಾಗೆ ನುಣ್ಣಗೆ, ತಿಳಿ ಬೂದು ಬಣ್ಣ. ನೋಡಲು ನಿರಪಾಯಕಾರಿ ಅನಿಸುತ್ತದೆ. ಆದರೆ ಕೆಟ್ಟದ್ದೆಲ್ಲ ಇರುವುದು ಇದರಲ್ಲೇ. ಕ್ಯಾಡ್ಮಿಯಂ, ಸೀಸ, ಸತು ಬಿಸಿಗೆ ಆವಿಯಾಗಿ ಹೊಗೆ ಹಿಡಿದು ಹೋಗುತ್ತವೆ, ಹೊಗೆ ತಣ್ಣಗಾದಾಗ ಈ ನುಣುಪಿನ ಮೇಲೆ ಕೂರುತ್ತವೆ. ಹೊಗೆಯ ಆಮ್ಲ ತಗ್ಗಿಸಲು ಹಾಕಿದ ಸುಣ್ಣದ ಪುಡಿ, ಪಾದರಸ ಹೀರಲು ಹಾಕಿದ ಇದ್ದಿಲ ಪುಡಿ, ಕ್ಲೋರಿನ್ ಇರುವ ಲವಣಗಳು ಎಲ್ಲವೂ ಇಲ್ಲೇ ಸೇರುತ್ತವೆ.

ಡಯಾಕ್ಸಿನ್ ಎಂಬ, ಕ್ಲೋರಿನ್ ಸೇರಿ ಹುಟ್ಟುವ ತೀವ್ರ ವಿಷ ಕೂಡ ಇಲ್ಲೇ. ಇದರ ಕಥೆ ಸ್ವಲ್ಪ ವಿಚಿತ್ರ. ಒಲೆಯ ಉರಿಯಲ್ಲಿ ಡಯಾಕ್ಸಿನ್ ಒಡೆದು ಹೋಗುತ್ತದೆ. ಅದಕ್ಕೇ ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ, ಎರಡನೇ ಕೋಣೆಯಲ್ಲಿ 1050 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಎರಡನೇ ಕೋಣೆಯಲ್ಲಿ ಹೊಗೆ ಕನಿಷ್ಠ ಎರಡು ಸೆಕೆಂಡ್ ನಿಲ್ಲಬೇಕು ಎನ್ನುತ್ತವೆ. ಎರಡನೇ ಕೋಣೆಗೆ 50 ಡಿಗ್ರಿ ಹೆಚ್ಚುಕಡಿಮೆಗೆ ಅವಕಾಶ ಇದೆ. ಆದರೆ ಅದೇ ಹೊಗೆ 450ರಿಂದ 200 ಡಿಗ್ರಿವರೆಗೆ ಇಳಿಯುವಾಗ, ಮಸಿಯ ಕಣಗಳ ಮೇಲೆ, ತಾಮ್ರದಂಥ ಲೋಹಗಳ ನೆರವಿನಿಂದ ಡಯಾಕ್ಸಿನ್ ಮತ್ತೆ ಹುಟ್ಟುತ್ತದೆ. ಅದಕ್ಕೆ ಬೇಕಾದ ಕ್ಲೋರಿನ್ ಪಿವಿಸಿ ಪ್ಲಾಸ್ಟಿಕ್ಕಿನಿಂದ ಬರುತ್ತದೆ. ಆಸ್ಪತ್ರೆಗಳಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲ, ಕೈಗವಸುಗಳನ್ನು ನಿಲ್ಲಿಸಿ ಎಂದು ಅದೇ ನಿಯಮಗಳು ಹೇಳಿದ್ದು ಇದಕ್ಕೇ. ಹೀಗೆ ಹುಟ್ಟಿದ ಡಯಾಕ್ಸಿನ್ ನುಣ್ಣನೆಯ ಬೂದಿಗೆ ಅಂಟಿಕೊಳ್ಳುತ್ತದೆ. ಚಿಮಣಿಯಿಂದ ಹೊಗೆ ಶುಭ್ರವಾಗಿ ಹೋಗುತ್ತಿದೆ ಅಂದರೆ ಕೊಳೆ ಎಲ್ಲೋ ಮಾಯವಾಗಿಲ್ಲ, ಫಿಲ್ಟರಿನ ಚೀಲದಲ್ಲಿ ಕೂತಿದೆ.

ನಿಮ್ಮಲ್ಲಿ ಬಿದ್ದಿರುವುದು ಯಾವ ಬೂದಿ ಅಂತ ದೂರದಿಂದ ಹೇಳಲಾರೆ. ಎರಡೂ ಬೆರೆತಿರುವ ಸಾಧ್ಯತೆ ಜಾಸ್ತಿ. ಪುಕ್ಕಟೆ ಸುರಿಯುವವರು ಬೇರ್ಪಡಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಬೆರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಕಂಡ ಒಂದು ಉದಾಹರಣೆ ಹೇಳುತ್ತೇನೆ. ಒಂದು ಘಟಕದವರು ಒಂದೇ ವಾರದ ಎರಡು ಮಾದರಿ ಕಳಿಸಿದ್ದರು. ಒಂದು ಬರೀ ಬಾಟಮ್ ಆಶ್, ಇನ್ನೊಂದು ಎರಡೂ ಸೇರಿಸಿ ಗುಡ್ಡೆ ಹಾಕಿದ್ದು. ಸೋರಿಕೆ ಪರೀಕ್ಷೆಯಲ್ಲಿ ನಾವು ಮಾಡುವುದು ಇಷ್ಟು: ನೂರು ಗ್ರಾಂ ಬೂದಿಗೆ ಅದರ ಇಪ್ಪತ್ತು ಪಟ್ಟು ದ್ರವ, ಅಂದರೆ ವಿನೆಗರ್‌ನಲ್ಲಿರುವ ಆಮ್ಲವನ್ನು ತೆಳುವಾಗಿ ಬೆರೆಸಿದ ನೀರು ಹಾಕಿ, ಬಾಟಲಿಯನ್ನು 18 ಗಂಟೆ ತಿರುಗಿಸುತ್ತೇವೆ. ಆಮೇಲೆ ಸೋಸಿ, ನೀರಿಗೆ ಎಷ್ಟು ಲೋಹ ಇಳಿದಿದೆ ಅಂತ ಅಳೆಯುತ್ತೇವೆ. ಅಪಾಯಕಾರಿ ತ್ಯಾಜ್ಯದ ನಿಯಮದಲ್ಲಿ ಸೀಸಕ್ಕೆ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂಗೆ 1 ಮಿಲಿಗ್ರಾಂ ಮಿತಿ. ಬಾಟಮ್ ಆಶ್ ಒಂದೇ ಇದ್ದ ಬಾಟಲಿ ಪಾಸಾಯಿತು. ಬೆರೆಸಿದ್ದು ಎರಡರಲ್ಲೂ ಮಿತಿ ದಾಟಿತು. ಇರುವ ಜಾಗದಲ್ಲೇ ಇಟ್ಟಿದ್ದರೆ ಸಣ್ಣ ಮೂಟೆಯಲ್ಲಿ ಮುಗಿಯುತ್ತಿದ್ದ ವಿಷ ಈಗ ಇಡೀ ಗುಡ್ಡೆಗೆ ಹರಡಿತ್ತು. ಹಾಲಿನ ಕೊಳಗಕ್ಕೆ ಹುಳಿ ಹಿಂಡಿದ ಹಾಗೆ.

ಸುಣ್ಣ ಜಾಸ್ತಿ ಇದ್ದರೆ ಲೋಹ ಕಟ್ಟಿಹಾಕಿಕೊಂಡು ಕೂರುತ್ತದೆ ಅಂತ ಕೆಲವರು ವಾದಿಸುತ್ತಾರೆ. ಅರ್ಧ ನಿಜ. ಸೀಸ ಮತ್ತು ಸತು ಆಮ್ಲದಲ್ಲೂ ಕರಗುತ್ತವೆ, ತೀರ ಖಾರದ ಸುಣ್ಣದ ನೀರಿನಲ್ಲೂ ಕರಗುತ್ತವೆ. ಫ್ಲೈ ಆಶ್‌ನ ಪಿಎಚ್ (ಹುಳಿ-ಕ್ಷಾರ ಅಳೆಯುವ ಅಂಕಿ, 7 ಅಂದರೆ ಸಮ) 12 ದಾಟುವುದು ಮಾಮೂಲಿ. ಹಾಗಾಗಿ ಬರೀ ಮಳೆ ನೀರು ಬಿದ್ದರೂ ಸೀಸ ಇಳಿದು ಬರುತ್ತದೆ. ನಿಮ್ಮದು ತಗ್ಗು ಅಂದಿರಿ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಇಂಗುತ್ತದೆ. ನನಗೆ ಚಿಂತೆಯಾಗಿರುವುದು ಇದೇ.

ಅಡಿಕೆ ಬುಡದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಸೀಸ ಬದಿಗಿಡಿ, ಈ ಬೂದಿಯಲ್ಲಿರುವ ಉಪ್ಪು ಮತ್ತು ಸುಣ್ಣವೇ ಬೇರಿಗೆ ಸಾಕು. ಉಪ್ಪು ಒಂದೆರಡು ಮಳೆಗಾಲದಲ್ಲಿ ತೊಳೆದು ಹೋಗಬಹುದು, ನಿಮ್ಮ ಬಾವಿಗೆ. ಸೀಸ ಮಾತ್ರ ಮೇಲ್ಮಣ್ಣು ಬಿಟ್ಟು ಸುಲಭವಾಗಿ ಕದಲುವುದಿಲ್ಲ. ನಿಮ್ಮ ಮಕ್ಕಳ ಕಾಲದಲ್ಲೂ ಅಲ್ಲೇ ಇರುತ್ತದೆ.

ಇದು ನಾನು ಹೆದರಿಸಲು ಹೇಳುವ ಮಾತಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ನಿಮ್ಮ ತೋಟದಲ್ಲಿ ನಡೆದದ್ದೇ ದೊಡ್ಡದಾಗಿ ನಡೆಯಿತು. ಅಲ್ಲಿನ ಬೈಕರ್ ಎಂಬಲ್ಲಿ ಕಸ ಸುಟ್ಟು, ಆ ಬಿಸಿಯನ್ನು ಮನೆಗಳಿಗೆ ಕೊಡುವ ಘಟಕ ಇತ್ತು. 1994ರಿಂದ 1999ರವರೆಗೆ ಅದರ ಸುಮಾರು 2000 ಟನ್ ಬೂದಿಯನ್ನು ಊರವರು ತರಕಾರಿ ಬೆಳೆಯುವ ಸಣ್ಣ ತೋಟಗಳ ಕಾಲುದಾರಿಗಳಿಗೆ ಹಾಸಿದರು. ತಳದ ಬೂದಿ, ಹಾರುವ ಬೂದಿ ಎರಡೂ ಬೆರೆತ ಬೂದಿ. ಕೆಸರಾಗದ ಒಳ್ಳೆ ದಾರಿ ಅಂತ ಜನ ಖುಷಿಪಟ್ಟಿರಬೇಕು. ಆಮೇಲೆ ಪರೀಕ್ಷಿಸಿದಾಗ ಲೋಹಗಳು ಸಿಕ್ಕವು, ಡಯಾಕ್ಸಿನ್ ಸಿಕ್ಕಿತು. ಆ ತೋಟಗಳ ಕೋಳಿ, ಮೊಟ್ಟೆ ತಿನ್ನಬೇಡಿ ಎಂದು ಹೇಳಬೇಕಾಯಿತು. ಬೂದಿಯನ್ನು ಕೆರೆದು ತೆಗೆಯಬೇಕಾಯಿತು. ನಗರಸಭೆಗೂ ಘಟಕ ನಡೆಸುತ್ತಿದ್ದ ಕಂಪನಿಗೂ ಕೋರ್ಟು ದಂಡ ಹಾಕಿತು.

ಮೊಟ್ಟೆಗೆ ಯಾಕೆ ಬಂತು ಅಂದರೆ, ಕೋಳಿ ದಿನವಿಡೀ ನೆಲ ಕೆದರುತ್ತದೆ. ಪ್ರತಿ ಕಾಳಿನ ಜೊತೆ ಚಿಟಿಕೆ ಮಣ್ಣು ಹೊಟ್ಟೆಗೆ ಹೋಗುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಅದು ಮೊಟ್ಟೆಯ ಹಳದಿಯಲ್ಲಿ, ಹಸುವಿನ ಹಾಲಿನ ಕೆನೆಯಲ್ಲಿ ಹೋಗಿ ಕೂರುತ್ತದೆ. ಗೂಡಿನ ಫಾರಂ ಕೋಳಿಗಿಂತ ನಿಮ್ಮ ಮನೆಯ ನಾಟಿ ಕೋಳಿಗೇ ಇದರಿಂದ ಹೆಚ್ಚು ಅಪಾಯ.

"ಬೂದಿ ಅಂದ್ರೆ ಗೊಬ್ಬರ" ಎಂಬ ಮಾತೂ ಹೊಸದಲ್ಲ. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸದ ಬೂದಿ 14 ಸಾವಿರ ಟನ್‌ಗೂ ಹೆಚ್ಚು ತುಂಬಿಕೊಂಡು 'ಖಿಯಾನ್ ಸೀ' ಎಂಬ ಹಡಗು ಹೊರಟಿತು. ಯಾವ ದೇಶವೂ ಇಳಿಸಲು ಬಿಡಲಿಲ್ಲ. ಕೊನೆಗೆ ಹೈಟಿ ಎಂಬ ಬಡ ದೇಶದ ಗೊನಾಯಿವ್ ಕಡಲತೀರದಲ್ಲಿ ಸುಮಾರು 4000 ಟನ್ ಸುರಿದರು. ಕಾಗದದಲ್ಲಿ ಬರೆದದ್ದು ಗೊಬ್ಬರ ಅಂತ. ಉಳಿದದ್ದನ್ನು ಹೊತ್ತು ಹೆಸರು ಬದಲಿಸಿಕೊಂಡು ಅಲೆದ ಹಡಗು 1988ರಲ್ಲಿ ಸಿಂಗಪುರ ಮುಟ್ಟುವಾಗ ಖಾಲಿಯಾಗಿತ್ತು. ಬೂದಿ ಅಟ್ಲಾಂಟಿಕ್ ಮತ್ತು ನಮ್ಮ ಹಿಂದೂ ಮಹಾಸಾಗರದ ಪಾಲಾಗಿತ್ತು. ಹೈಟಿಯಲ್ಲಿ ಬಿದ್ದಿದ್ದನ್ನು 2000ದಲ್ಲಿ ಎತ್ತಿ, 2002ರಲ್ಲಿ ಮತ್ತೆ ಅದು ಹುಟ್ಟಿದ ಪೆನ್ಸಿಲ್ವೇನಿಯಾ ರಾಜ್ಯದ ಕಸ ಹೂಳುವ ಜಾಗಕ್ಕೆ, ಅಂದರೆ ಲ್ಯಾಂಡ್‌ಫಿಲ್‌ಗೇ ಒಯ್ದರು. ಇಂಥ ಪ್ರಕರಣಗಳಿಂದಲೇ ಅಪಾಯಕಾರಿ ತ್ಯಾಜ್ಯ ದೇಶ ದಾಟುವುದನ್ನು ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದ ಆಯಿತು. ಹಡಗಿರಲಿ ಟ್ರ್ಯಾಕ್ಟರ್ ಇರಲಿ, ಲೆಕ್ಕಾಚಾರ ಒಂದೇ: ಸರಿಯಾಗಿ ಹೂಳಲು ದುಡ್ಡು ಬೇಕು, ಸುಮ್ನೆ ಸುರಿದರೆ ಡೀಸೆಲ್ ಖರ್ಚು ಮಾತ್ರ.

ಹಾಗಾದರೆ ಸರಿಯಾದ ದಾರಿ ಯಾವುದು? ಅದು ಬೂದಿಯಿಂದ ಅಲ್ಲ, ಆಸ್ಪತ್ರೆಯ ವಾರ್ಡಿನಿಂದಲೇ ಶುರುವಾಗುತ್ತದೆ. ಹಳದಿ ಚೀಲದ್ದು ಮಾತ್ರ ಒಲೆಗೆ ಹೋಗಬೇಕು. ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ, ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ. ನಿಮ್ಮ ತಗ್ಗಿನ ಬೂದಿಯಲ್ಲಿ ಸೂಜಿ ಕಂಡರೆ, ಬೇರ್ಪಡಿಸುವ ಹಂತದಲ್ಲೇ ತಪ್ಪಾಗಿದೆ. ಅರೆಬೆಂದ ಬಟ್ಟೆ, ಕಪ್ಪು ಇದ್ದಿಲಿನಂಥ ಉಂಡೆ ಕಂಡರೆ ಒಲೆ ಸರಿಯಾಗಿ ಉರಿದಿಲ್ಲ. ಬೂದಿಯನ್ನು ಮತ್ತೆ ಕಾಸಿದರೆ ಒಣ ತೂಕದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಇಳಿಯಬೇಕು ಎಂದು ನಿಯಮ ಇದೆ.

ಘಟಕದ ಒಳಗೆ ಬಾಟಮ್ ಆಶ್ ಅನ್ನು ನೀರಿನಲ್ಲಿ ತಣಿಸಿ, ಚಾವಣಿ ಇರುವ ಕಾಂಕ್ರೀಟ್ ನೆಲದ ಮೇಲೆ ಇಡಬೇಕು. ಫ್ಲೈ ಆಶ್ ಗಾಳಿಗೆ ಸಿಗಲೇಬಾರದು. ಫಿಲ್ಟರಿನ ಕೆಳಗಿನ ಬಾಯಿಂದ ನೇರವಾಗಿ, ಒಳಗೆ ಪ್ಲಾಸ್ಟಿಕ್ ಪದರ ಇರುವ ಜಂಬೋ ಬ್ಯಾಗಿಗೆ ಇಳಿಯಬೇಕು. ಅಲ್ಲಿ ಪೊರಕೆ ಹಿಡಿದು ಗುಡಿಸುವುದು ಕಂಡರೆ ನಾನು ಕೂಗಿ ನಿಲ್ಲಿಸುತ್ತೇನೆ. ವ್ಯಾಕ್ಯೂಮ್ ಬೇಕು. ಮೂಗಿಗೆ ಕರವಸ್ತ್ರ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಬೇಕು. ಕಣ್ಣಿಗೆ ಮುಚ್ಚಿದ ಕನ್ನಡಕ ಬೇಕು, ಯಾಕೆಂದರೆ ಒದ್ದೆ ಕಣ್ಣಿಗೆ ಬಿದ್ದ ಈ ಪುಡಿ ಸುಣ್ಣದ ಹಾಗೆ ಸುಡುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಡಬ್ಬಿಯಲ್ಲಿನ ಉಪ್ಪು ನೀರೊಡೆಯುವ ಹಾಗೆ ಈ ಬೂದಿಯೂ ಗಾಳಿಯ ತೇವ ಹೀರಿ ಮುದ್ದೆಯಾಗುತ್ತದೆ, ಫಿಲ್ಟರಿನ ಬಾಯಿ ಕಟ್ಟುತ್ತದೆ. ಆಗ ಕೆಲಸಗಾರರು ಸಲಾಕೆ ಹಾಕಿ ಬಡಿಯುತ್ತಾರೆ, ಒಮ್ಮೆಲೇ ಧೂಳು ಮುಖಕ್ಕೆ ಬರುತ್ತದೆ. ಆ ಕೆಲಸಕ್ಕೆ ನಿಲ್ಲುವವರು ಹೆಚ್ಚಿನ ಕಡೆ ಗುತ್ತಿಗೆಯ ಹುಡುಗರು. ಅವರಿಗೆ ಒಳ್ಳೆ ಮಾಸ್ಕ್ ಕೊಡಿಸಲು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಒಂದು ಘಟಕದಲ್ಲಿ ಒದ್ದೆ ಬೂದಿಯನ್ನು ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿದು ಇಟ್ಟಿದ್ದರು. ಬೆಳಿಗ್ಗೆ ನಾನು ಹೋದಾಗ ಮುಚ್ಚಳ ಬೋಗುಣಿ ಕವುಚಿದ ಹಾಗೆ ಉಬ್ಬಿತ್ತು. ಕಿವಿ ಹತ್ತಿರ ಇಟ್ಟರೆ ಒಳಗೆ ಸೋಡಾ ಬಿಟ್ಟಂತೆ ಸಣ್ಣಗೆ ಸದ್ದು. ಅವಧಿ ಮುಗಿದ ಮಾತ್ರೆಗಳನ್ನು ಪಟ್ಟಿ ಸಮೇತ ಸುಟ್ಟಿದ್ದರು. ಆ ಪಟ್ಟಿಯ ಅಲ್ಯೂಮಿನಿಯಂ ಹಾಳೆ ಬೂದಿಯಲ್ಲಿ ಉಳಿದಿತ್ತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸುಣ್ಣ ಕಲಸಬಾರದು ಅಂತ ಹಿರಿಯರು ಹೇಳುವುದು ಇದಕ್ಕೇ. ಸುಣ್ಣದ ನೀರು ಆ ಲೋಹವನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಹತ್ತಿರ ಯಾರಾದರೂ ಬೀಡಿ ಹಚ್ಚಿದ್ದರೆ ಸಿಡಿಯುತ್ತಿತ್ತು. ಎಲ್ಲರನ್ನೂ ದೂರ ಕಳಿಸಿ, ತುಂಬ ನಿಧಾನವಾಗಿ ಬೋಲ್ಟ್ ಸಡಿಲಿಸಿದೆವು. ಅಂದಿನಿಂದ ಆ ಘಟಕದಲ್ಲಿ ಒದ್ದೆ ಬೂದಿಗೆ ಬಿಗಿ ಮುಚ್ಚಳ ಇಲ್ಲ.

ನಿಮ್ಮ ಇಟ್ಟಿಗೆ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರದ ಹಾರುಬೂದಿಯಿಂದ ಇಟ್ಟಿಗೆ, ಸಿಮೆಂಟ್ ಮಾಡುತ್ತಾರೆ. ಅದರಲ್ಲಿ ಮರಳಿನಂಥ ಸಿಲಿಕಾ, ಅಲ್ಯುಮಿನಾ ಇದ್ದು ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತವೆ. ಕಸದ ಫ್ಲೈ ಆಶ್‌ಗೆ ಹೆಸರು ಮಾತ್ರ ಅದೇ. ಇದರ ಕ್ಲೋರೈಡ್ ಉಪ್ಪು ಸಿಮೆಂಟು ಹಿಡಿಯುವುದನ್ನು ಕೆಡಿಸುತ್ತದೆ, ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ಅಲ್ಯೂಮಿನಿಯಂ ಚೂರು ಗುಳ್ಳೆ ಎಬ್ಬಿಸಿ ಇಟ್ಟಿಗೆ ಬಿರಿಯುತ್ತದೆ. ಮುಂದೊಂದು ದಿನ ಆ ಗೋಡೆ ಕೊರೆಯುವವರ ಮೂಗಿಗೆ ಸೀಸದ ಧೂಳು. ನೆದರ್ಲ್ಯಾಂಡ್ಸ್, ಡೆನ್ಮಾರ್ಕ್ ದೇಶಗಳಲ್ಲಿ ಊರ ಕಸದ ಬಾಟಮ್ ಆಶ್ ಅನ್ನು ರಸ್ತೆಯ ತಳಕ್ಕೆ ಬಳಸುತ್ತಾರೆ ನಿಜ. ಆದರೆ ಅಯಸ್ಕಾಂತ ಹಿಡಿದು ಕಬ್ಬಿಣ ತೆಗೆದು, ಅಲ್ಯೂಮಿನಿಯಂ, ತಾಮ್ರ ಆರಿಸಿ, ಕೆಲವು ವಾರ ಗಾಳಿಗೆ ಹಣ್ಣಾಗಲು ಬಿಟ್ಟು, ಪರೀಕ್ಷೆ ಮಾಡಿದ ಮೇಲೆ. ಫ್ಲೈ ಆಶ್ ಬೆರೆಸುವುದಿಲ್ಲ.

ಫ್ಲೈ ಆಶ್‌ಗೆ ಲೋಕದಲ್ಲಿ ಇನ್ನೂ ಸುಲಭದ ದಾರಿ ಸಿಕ್ಕಿಲ್ಲ. ಜರ್ಮನಿಯವರು ನೂರಾರು ಮೀಟರ್ ಆಳದ ಹಳೆ ಉಪ್ಪಿನ ಗಣಿಗಳಲ್ಲಿ ಇಡುತ್ತಾರೆ, ಅಲ್ಲಿ ನೀರು ಬರುವುದಿಲ್ಲ ಅಂತ. ಸ್ವಿಟ್ಜರ್ಲೆಂಡಿನವರು ಆಮ್ಲದಲ್ಲಿ ತೊಳೆದು ಸತುವನ್ನು ವಾಪಸ್ ತೆಗೆಯುತ್ತಾರೆ. ನನಗೆ ತುಂಬ ಹಿಡಿಸಿದ ದಾರಿ ಅದು, ಖರ್ಚು ಮಾತ್ರ ಜಾಸ್ತಿ. ಸಿಂಗಪುರದವರು ಸಮುದ್ರದೊಳಗೇ ಏಳು ಕಿಲೋಮೀಟರ್ ಒಡ್ಡು ಕಟ್ಟಿ, ಒಳಗೆ ನೀರು ದಾಟದ ಹಾಳೆ ಮತ್ತು ಜೇಡಿ ಹಾಸಿ, 1999ರಿಂದ ಸೆಮಕಾವ್ ಎಂಬಲ್ಲಿ ಬೂದಿ ತುಂಬುತ್ತಿದ್ದಾರೆ. ಅದೂ 2035ರ ಸುಮಾರಿಗೆ ತುಂಬಿಹೋಗುತ್ತದೆ ಎಂಬ ಅಂದಾಜಿದೆ. ನಮ್ಮ ಬಿಡದಿಯ ಕಸ ವಿದ್ಯುತ್ ಘಟಕ ದಿನಕ್ಕೆ 600 ಟನ್ ಸುಡುವ ಅಳತೆಯದು. ಐದರಲ್ಲಿ ಒಂದು ಪಾಲು ಬೂದಿ ಅಂದರೂ ದಿನಕ್ಕೆ 120 ಟನ್. ನಮ್ಮ ಕಸದಲ್ಲಿ ಮಣ್ಣು, ಧೂಳು ಹೆಚ್ಚಿರುವುದರಿಂದ ಅದಕ್ಕಿಂತ ಜಾಸ್ತಿಯೇ ಆಗಬಹುದು. ಕಸ ಸುಡುವ ಮಾತು ಬಂದಾಗಲೆಲ್ಲ ವಿದ್ಯುತ್ತಿನ ಲೆಕ್ಕದ ಪಕ್ಕದಲ್ಲೇ ಈ ಲೆಕ್ಕವನ್ನೂ ಕೇಳಬೇಕು.

ನಮ್ಮಲ್ಲಿ ಕಾನೂನು ಸ್ಪಷ್ಟವಾಗಿದೆ. ಆಸ್ಪತ್ರೆ ಕಸದ ಬೂದಿಯಲ್ಲಿ ಲೋಹಗಳು ಮಿತಿಯೊಳಗಿದ್ದರೆ ಪುರಸಭೆಯ ಲ್ಯಾಂಡ್‌ಫಿಲ್‌ಗೆ, ಮೀರಿದ್ದರೆ ಅಪಾಯಕಾರಿ ತ್ಯಾಜ್ಯದ ಸಾಮೂಹಿಕ ಘಟಕಕ್ಕೆ. ಎರಡರಲ್ಲಿ ಯಾವುದೂ ರೈತರ ಹೊಲವಲ್ಲ. ಅಂಥ ಒಂದು ಸಾಮೂಹಿಕ ಘಟಕ ನಿಮಗೆ ದೂರವೇನಲ್ಲ, ದಾಬಸ್‌ಪೇಟೆಯಲ್ಲಿದೆ. ಅಲ್ಲಿಗೆ ಬಂದ ಬೂದಿಗೆ ಸಿಮೆಂಟ್ ಅಥವಾ ಸುಣ್ಣ ಬೆರೆಸಿ ಲೋಹ ಕದಲದಂತೆ ಗಟ್ಟಿ ಮಾಡುತ್ತಾರೆ. ಆಮೇಲೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆಗಳ ಎರಡು ಪದರ ಹಾಸಿದ ಗುಂಡಿಯಲ್ಲಿ ಇಡುತ್ತಾರೆ. ಸೋರಿದ ನೀರನ್ನು ಕೊಳವೆಯಲ್ಲಿ ಹಿಡಿದು ಶುದ್ಧ ಮಾಡುತ್ತಾರೆ. ಗುಂಡಿ ಮುಚ್ಚಿದ ಮೇಲೂ 30 ವರ್ಷ ಕಾಯಬೇಕು.

ಹೀಗೆ ಹೋಗುವ ಪ್ರತಿ ಲೋಡಿನ ಜೊತೆ ಫಾರಂ 10 ಎಂಬ ಕಾಗದ ಇರಬೇಕು. ಏಳು ಬಣ್ಣದ ಏಳು ಪ್ರತಿ. ಕಳಿಸಿದವರಿಗೊಂದು, ಲಾರಿಯವರಿಗೊಂದು, ಪಡೆದವರಿಗೊಂದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೆಲವು. ನಿಮ್ಮ ಟ್ರ್ಯಾಕ್ಟರಿನವರ ಬಳಿ ಆ ಕಾಗದ ಇರಲಾರದು. ಇದ್ದಿದ್ದರೆ ಅದರಲ್ಲಿ ತಲುಪಬೇಕಾದ ಜಾಗ ಅಂತ ನಿಮ್ಮ ತೋಟದ ಹೆಸರು ಬರೆಯಬೇಕಿತ್ತು.

ಈಗ ನಿಮ್ಮ ಎರಡು ಲೋಡಿನ ವಿಷಯ. ಹರಡಬೇಡಿ, ಉಳಬೇಡಿ, ಮೇಲೆ ಮಣ್ಣು ಎಳೆದು ಮುಚ್ಚಬೇಡಿ. ಮುಚ್ಚಿದರೆ ನಾಳೆ ಎಷ್ಟು ಬಿದ್ದಿದೆ, ಎಲ್ಲಿ ಬಿದ್ದಿದೆ ಎಂಬುದೇ ತಿಳಿಯದು. ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ ಟಾರ್ಪಾಲ್ ಹೊದಿಸಿ ಅಂಚಿಗೆ ಕಲ್ಲು ಇಡಿ. ಮೇಲಿಂದ ಹರಿದು ಬರುವ ನೀರು ತಗ್ಗಿಗೆ ಇಳಿಯದಂತೆ ಸುತ್ತ ಬದು ಹಾಕಿಸಿ. ಹೊದಿಸುವವರು ಮಾಸ್ಕ್, ಗಮ್‌ಬೂಟು, ಕೈಗವಸು ಹಾಕಲಿ, ಬರಿಗೈಯಲ್ಲಿ ಕೆದಕಬೇಡಿ, ಸೂಜಿ ಇರಬಹುದು. ಕಣ್ಣಿಗೆ ಬಿದ್ದರೆ ಉಜ್ಜದೆ 15 ನಿಮಿಷ ಧಾರಾಳ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಮಕ್ಕಳು, ಕೋಳಿ, ದನ ಆ ಕಡೆ ಹೋಗದಂತೆ ಬೇಲಿ ಕಟ್ಟಿ.

ಫೋಟೋ ತೆಗೆದಿಡಿ. ಬಂದ ದಿನ, ಟ್ರ್ಯಾಕ್ಟರಿನ ನಂಬರು, ಯಾರು ಕಳಿಸಿದರು ಎಂದು ಹೇಳಿದ ಮಾತು ಎಲ್ಲ ಬರೆದಿಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ಪಂಚಾಯಿತಿ ಪಿಡಿಒಗೂ ಕೊಡಿ. ನಿಮ್ಮ ಮೇಲೇ ಬರುತ್ತದೇನೋ ಅಂತ ಹೆದರಬೇಡಿ, ನೀವೇ ಮುಂದಾಗಿ ತಿಳಿಸುತ್ತಿದ್ದೀರಿ. ಬೂದಿ ಹುಟ್ಟಿಸಿದವರು, ಸಾಗಿಸಿದವರು ಹಾನಿಗೆ ಹೊಣೆ ಎಂದು ನಿಯಮದಲ್ಲೇ ಇದೆ. ಎತ್ತಿಸುವ ಖರ್ಚು ನಿಮ್ಮದಲ್ಲ ಎಂದು ದೂರಿನಲ್ಲೇ ಬರೆಯಿರಿ.

ಅಧಿಕಾರಿಗಳು ಮಾದರಿ ತೆಗೆಯುವಾಗ ನೀವೂ ಇರಿ. ಗುಡ್ಡೆಯ ಮೇಲ್ಭಾಗದಿಂದ ಒಂದು ಹಿಡಿ ತೆಗೆದರೆ ಸಾಲದು, ನಾಲ್ಕಾರು ಕಡೆ ಒಳಗಿಂದ ತೆಗೆದು ಬೆರೆಸಬೇಕು. ಸೋರಿಕೆ ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ನೋಡಬೇಕು. ಜೊತೆಗೆ ಪಿಎಚ್ ಮತ್ತು ಕ್ಲೋರೈಡ್. ಬೂದಿಯ ಕೆಳಗಿನ ಮಣ್ಣು ಬೇರೆ, ದೂರದ ಶುದ್ಧ ಮಣ್ಣು ಬೇರೆ ಚೀಲದಲ್ಲಿ, ಹೋಲಿಸಿ ನೋಡಲು. ಬಾವಿ ಅಥವಾ ಬೋರ್‌ವೆಲ್ ನೀರನ್ನು ಈಗ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೆನಪಿರಲಿ. ಬೂದಿಯ ಮೇಲೆ ಓಡಾಡಿದ ಕೋಳಿಗಳ ಮೊಟ್ಟೆಯನ್ನು ಸದ್ಯಕ್ಕೆ ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ.

ವರದಿ ಬಂದ ಮೇಲೆ ಅಂಕಿಗಳನ್ನು ಕಳಿಸಿ. ಬೂದಿ ಎತ್ತಿದ ನಂತರ ಕೆಳಗಿನ ಮಣ್ಣನ್ನೂ ತೆಗೆಯಬೇಕಾ, ತೆಗೆದರೆ ಎಷ್ಟು ಆಳ, ಆ ತಗ್ಗಿಗೆ ಹತ್ತಿರದ ಅಡಿಕೆ ಸಾಲಿನ ಬುಡದಲ್ಲಿ ಏನು ನೋಡಬೇಕು ಎಂದು ಆಗ ಲೆಕ್ಕ ಹಾಕಿ ಹೇಳುತ್ತೇನೆ.